ಚೀಲ ಬಿಚ್ಚದೆ ಕಾಳು ನೋಡುವ ಭಾವ

ಕೆಮ್ಮು ಎಲ್ಲರ ಮನೆಗೂ ಬಂದು ಹೋಗುವ ನೆಂಟ. ಆದರೆ ಧಾನ್ಯದ ಗೋದಾಮಿನಲ್ಲಿ ಕಾಳಿನ ಗುಣ ನೋಡುವ ಈ ಯಜಮಾನರ ಮನೆಗೆ ಬಂದ ಕೆಮ್ಮು ಹೊರಡುವ ಮಾತೇ ಎತ್ತಲಿಲ್ಲ. ಔಷಧಿ ಅಂಗಡಿಯ ಬಾಟಲಿಗಳು ಖಾಲಿಯಾದವು, ಮೈ ಇಳಿಯಿತು. ಕೊನೆಗೆ ಸ್ಕ್ಯಾನ್ ನೋಡಿದ ಡಾಕ್ಟರು, "ಎದೆಯೊಳಗಿನ ಗ್ರಂಥಿಗಳು ಊದಿವೆ. ಸೂಜಿಯಿಂದ ಸ್ವಲ್ಪ ಜೀವಕೋಶ ತೆಗೆದು ಪರೀಕ್ಷಿಸಬೇಕು" ಎಂದರು.

ಯಜಮಾನರು ಬೇಡವೆಂದು ಮನೆಗೆ ಬಂದುಬಿಟ್ಟರು. ಹೆಂಡತಿ ಗಾಬರಿಯಾಗಿ ತಂಗಿಗೆ ಫೋನ್ ಮಾಡಿದಳು. ಆ ತಂಗಿ ಎದೆರೋಗದ ವಾರ್ಡಿನಲ್ಲಿ ನರ್ಸ್. ಡ್ಯೂಟಿ ಮುಗಿದದ್ದೇ ಬಂದಳು.

"ಏನ್ ಭಾವ, ಪರೀಕ್ಷೆ ಬೇಡ ಅಂದ್ರಂತೆ?"

"ಚುಚ್ಚಿದ ಚೀಲ ಸೋರುತ್ತಮ್ಮ, ದಿನಾ ನೋಡ್ತೀನಲ್ಲ. ಆ ಗಂಟನ್ನ ಚುಚ್ಚಿದ್ರೆ ಒಳಗಿರೋದು ಮೈಯೆಲ್ಲ ಹರಡಲ್ವಾ?"

ನರ್ಸ್ ನಗಲಿಲ್ಲ. ಮೊಳೆಗೆ ತೂಗುಹಾಕಿದ್ದ ಅವರ ಚೂಪು ಕೊಳವೆಯನ್ನು ಕೈಗೆತ್ತಿಕೊಂಡಳು. ಗೋಣಿಚೀಲಕ್ಕೆ ಚುಚ್ಚಿದರೆ ಒಂದಿಷ್ಟು ಕಾಳು ಅದರೊಳಗೆ ಬರುತ್ತದೆ.

"ಇದನ್ನ ಎಳ್ಕೊಂಡ್ಮೇಲೆ ತೂತಿಗೆ ಏನ್ಮಾಡ್ತೀರಾ?"

"ಹೆಬ್ಬೆರಳಲ್ಲಿ ಉಜ್ಜಿದ್ರೆ ನೂಲು ಕೂಡ್ಕೊಳ್ಳುತ್ತೆ."

"ಮತ್ತೆ ಸೋರುತ್ತೆ ಅಂದ್ರಿ?"

"ಕೆಲಸ ಬಾರದೋನು ಚುಚ್ಚಿದ್ರೆ ಸೋರುತ್ತೆ. ನಾನು ಚುಚ್ಚಿದ್ರೆ ಎಲ್ಲಿ ಸೋರುತ್ತೆ?" ಮೈ ಇಳಿದರೂ ಜಂಬ ಇಳಿದಿರಲಿಲ್ಲ.

"ನಮ್ಮ ಡಾಕ್ಟರಿಗೂ ಕೆಲಸ ಬರುತ್ತೆ ಭಾವ. ಸೂಜಿ ತೀರಾ ಸಣ್ಣದು, ತೂತು ತಾನೇ ಮುಚ್ಕೊಳ್ಳುತ್ತೆ. ಹರಡುತ್ತೆ ಅಂತ ಹೆದರಿ ಪರೀಕ್ಷೆ ಬಿಡೋದೇ ಅಪಾಯ."

ಈಗ ಯಜಮಾನರಿಗೆ ಕುತೂಹಲ ಹುಟ್ಟಿತು. "ಎದೆ ಕೊಯ್ಯದೆ ಅಲ್ಲಿಗೆ ಹೋಗೋದು ಹೇಗೆ?"

"ಬಾಯಿಂದ, ಉಸಿರಿನ ದಾರೀಲೇ. ಬಾಗೋ ತೆಳು ಕೊಳವೆ, ತುದೀಲಿ ಕ್ಯಾಮೆರಾ, ಪುಟ್ಟ ಸ್ಕ್ಯಾನ್ ಯಂತ್ರ. ಗ್ರಂಥಿ ಪರದೆ ಮೇಲೆ ಕಾಣುತ್ತೆ, ನೋಡ್ಕೊಂಡೇ ಸೂಜಿ ಹಾಕ್ತಾರೆ. ಗಂಟಲು ಮರಗಟ್ಟಿಸಿ ಮಂಪರು ಬರಿಸ್ತಾರೆ."

"ಉಸಿರು ಕಟ್ಟಲ್ವಾ?"

"ಕೊಳವೆ ಪಕ್ಕದಲ್ಲಿ ಗಾಳಿ ಆಡುತ್ತೆ, ಆಕ್ಸಿಜನ್ನೂ ಇರುತ್ತೆ. ಆಮೇಲೆ ಗಂಟಲು ಕೆರೀಬಹುದು, ಕಫದಲ್ಲಿ ಚೂರು ರಕ್ತ ಕಾಣಬಹುದು. ಜಾಸ್ತಿ ರಕ್ತ, ಜ್ವರ, ಎದೆನೋವು, ಉಬ್ಬಸ ಬಂದ್ರೆ ಮಾತ್ರ ತಕ್ಷಣ ಬಂದುಬಿಡಬೇಕು."

"ಸುಮ್ನೆ ಔಷಧಿ ಕೊಟ್ಟುಬಿಡಬಾರ್ದಾ?"

"ಯಾವುದಕ್ಕೆ? ಕ್ಷಯಕ್ಕಾ, ಕ್ಯಾನ್ಸರ್‌ಗಾ, ಬೇರೇದಕ್ಕಾ? ಬರೀ ಗೋಣಿ ನೋಡಿ ಕಾಳು ಎಂಥದು ಅಂತ ನೀವು ಹೇಳ್ತೀರಾ?"

ಯಜಮಾನರು ಅವಳ ಕೈಯಿಂದ ಕೊಳವೆ ಇಸಿದುಕೊಂಡು ಮತ್ತೆ ಮೊಳೆಗೆ ತೂಗುಹಾಕಿದರು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕಣ್ಣೊರೆಸಿಕೊಂಡು, "ನಾಳೆನೇ ಹೋಗೋಣ ರೀ" ಎಂದಳು.

ಪರೀಕ್ಷೆ ಆಯಿತು. ಮಂಪರು ಇಳಿದ ಮೇಲೆ ಯಜಮಾನರು ಕೇಳಿದ ಮೊದಲ ಮಾತು, "ತೂತು ಕೂಡಿಕೊಳ್ತಾ?" ವರದಿ ಬಂತು: ಕ್ಷಯ. ಎಲ್ಲರಿಗೂ ಭಯವಾಯಿತು, ನಿಜ. ಆದರೆ ಸರಿಯಾದ ಮಾತ್ರೆ ಶುರುವಾಯಿತು. ಮನೆಯವರೂ ತಪಾಸಣೆ ಮಾಡಿಸಿಕೊಂಡರು. ಕೆಲವು ತಿಂಗಳಲ್ಲಿ ಆ ನೆಂಟ ಗಂಟುಮೂಟೆ ಕಟ್ಟಿದ.

ಓದುತ್ತಿರುವವರೇ, ಎರಡು ವಾರ ದಾಟಿದ ಕೆಮ್ಮನ್ನು ಅಂಗಡಿಯ ಬಾಟಲಿಗೆ ಒಪ್ಪಿಸಬೇಡಿ. ಡಾಕ್ಟರು ಈ ಪರೀಕ್ಷೆ ಹೇಳಿದರೆ ಎದ್ದು ಬರಬೇಡಿ, ಯಜಮಾನರ ಹಾಗೆ ಕೇಳಿ ತಿಳಿದುಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಗೋದಾಮಿನಲ್ಲಿ ಯಾರಾದರೂ ಕೆಮ್ಮಿದರೆ ನಮ್ಮ ಯಜಮಾನರು ಈಗ ಕೊಳವೆ ಎತ್ತಿ ತೋರಿಸಿ, "ಒಳಗೇನಿದೆ ಅಂತ ನೋಡಿಸ್ಕೊಂಡ್ಯೇನಪ್ಪಾ?" ಎನ್ನುತ್ತಾರೆ. ನಿಮ್ಮನ್ನೂ ಅದೇ ಕೇಳುತ್ತಿದ್ದೇವೆ.