ಹಾಸಿಗೆಯ ಪಕ್ಕ ನಿಂತು

ನಮ್ಮ ಹೆಡ್ ನರ್ಸಿಗೆ ಗದರುವ ಗಂಟಲಿರಲಿಲ್ಲ. ಹುದ್ದೆ ಕೊಟ್ಟವರು ಅದನ್ನು ಗಮನಿಸಿರಲಿಲ್ಲ. ವಾರ್ಡು ಮೊದಲ ದಿನವೇ ಗಮನಿಸಿತ್ತು.

ಪಾಳಿ ಬದಲಾಗುವಾಗ ರೋಗಿಗಳ ವಿವರ ಹೇಳಿ ಮುಂದಿನವರಿಗೆ ಒಪ್ಪಿಸುತ್ತಿದ್ದುದು ಚಹಾ ಕುಡಿಯುವ ಕೋಣೆಯಲ್ಲಿ, ಕೂತಲ್ಲೇ. ಹೆಸರು ಹೇಳುತ್ತಿರಲಿಲ್ಲ, 'ಕಿಟಕಿ ಅಜ್ಜಿ', 'ಗೊರಕೆ ಮೇಷ್ಟ್ರು' ಎಂದರೆ ಸಾಕಿತ್ತು. ಒಮ್ಮೆ ಗಾಳಿ ತಾಳದೆ ಅಜ್ಜಿ ಒಳಗಿನ ಹಾಸಿಗೆಗೆ ಹೋದರು. ಮುಂದಿನ ಪಾಳಿಯವರು ಕಿಟಕಿ ಬಳಿ ಮಲಗಿದ್ದ ಬೇರೆ ಹೆಂಗಸನ್ನು ಆಪರೇಷನ್ನಿಗೆಂದು ಉಪವಾಸ ಕೆಡವಿದರು. ಆಪರೇಷನ್ ಆಗಬೇಕಿದ್ದ ಅಜ್ಜಿ ಹೊಟ್ಟೆತುಂಬ ಉಂಡರು. ಆಪರೇಷನ್ ಮುಂದಕ್ಕೆ ಹೋಯಿತು.

"ಇನ್ಮೇಲೆ ಹಾಸಿಗೆ ಪಕ್ಕ ನಿಂತು, ರೋಗಿಗೂ ಕೇಳೋ ಹಾಗೆ ಒಪ್ಪಿಸೋಣ" ಎಂದರು ಹೆಡ್ ನರ್ಸ್.

ನಮಗೆಲ್ಲ ಸೂಜಿ ಹಿಡಿಯಲು ಕಲಿಸಿದ್ದು ವಾರ್ಡಿನ ಹಿರಿಯಕ್ಕ. ಹೆಡ್ ನರ್ಸಿಗೂ ಅವರೇ. ಅವರು ಕಪ್ ಕೆಳಗಿಡಲಿಲ್ಲ.

"ಕೇಳಿಸಿದ್ರೆ ಪ್ರಶ್ನೆ ಹಾಕ್ತಾರೆ ಕಣೇ."

"ಹಾಕ್ಲಿ ಅಂತಾನೇ ಅಕ್ಕಾ."

"ನೋಡ್ರೇ, ಅಜ್ಜಿಗೆ ಕೆಮ್ಮು ಕಲಿಸೋಕೆ ಬಂದ್ಲು!"

ಎಲ್ಲರೂ ನಕ್ಕರು. ಅಕ್ಕ ಏಳದಿದ್ದರೆ ಯಾರೂ ಏಳುವುದಿಲ್ಲ, ಹೊಸ ಪದ್ಧತಿ ಅಲ್ಲಿಗೇ ಮುಗಿಯಿತು ಎಂದು ಹೆಡ್ ನರ್ಸಿಗೂ ಗೊತ್ತಿತ್ತು. ಮರುದಿನ ಬೆಳಿಗ್ಗೆ ಅವರು ಮೊದಲ ಹಾಸಿಗೆಯ ಪಕ್ಕ ಹೋಗಿ ನಿಂತರು. ಕರೆಯಲಿಲ್ಲ. ನಿಂತೇ ಇದ್ದರು. ನಾವು ಬಾಗಿಲಲ್ಲಿ ಅತ್ತ ಇತ್ತ ನೋಡುತ್ತಿದ್ದೆವು.

ಹಾಸಿಗೆಯಲ್ಲಿದ್ದ ಲಾರಿ ಡ್ರೈವರ್ ಕೂಗಿದ: "ಏನ್ರೀ ಸಿಸ್ಟರ್, ಒಳಗೆ ಕೂತು ನನ್ ವಿಷ್ಯ ಗುಸುಗುಸು ಅಂತೀರಿ? ನಾನೇನ್ ಮದ್ವೆ ಗಂಡಾ?"

ಈ ಸಲ ಅಕ್ಕನೇ ನಕ್ಕರು. ಎದ್ದು ಬಂದರು. ಹೆಸರು ಹೇಳಿ, ಕಾಯಿಲೆ ಹೇಳಿ, ಇವತ್ತು ಶುರುವಾಗುವ ಇಂಜೆಕ್ಷನ್ ಹೇಳಿದರು.

"ಅದು ಬೇಡಮ್ಮಾ" ಎಂದ ಡ್ರೈವರ್. "ಹೋದ್ ಸಲ ಅದ್ರಿಂದ ಉಸಿರೇ ಕಟ್ಟಿತ್ತು."

"ಮೊದಲೇ ಹೇಳೋದಲ್ವೇನಪ್ಪಾ!"

"ಯಾರಾದ್ರೂ ನನ್ ಮುಂದೆ ಔಷಧಿ ಹೆಸರು ಹೇಳಿದ್ರಾ?"

ಅಕ್ಕ ಡಾಕ್ಟರಿಗೆ ಫೋನು ಮಾಡಿಸಿ, ಇಂಜೆಕ್ಷನ್ ತಡೆಹಿಡಿದು, ಎರಡನೇ ಹಾಸಿಗೆಗೆ ನಡೆದರು. ಅಷ್ಟು ಚೊಕ್ಕವಾಗಿ ಒಪ್ಪಿಸಿದ್ದನ್ನು ನಾನು ಮತ್ತೆ ಕಂಡಿಲ್ಲ. ಕೊನೆಗೆ ಹೆಡ್ ನರ್ಸಿನ ಭುಜ ತಟ್ಟಿದರು. "ನೀನು ಮಾಡಿದ್ದು ಸರಿ. ನಾನ್ ಕಲ್ಸಿದ್ ಹುಡುಗಿ ಅಂತ ಎಲ್ಲಾ ಕಡೆ ಹೇಳ್ಕೊಳ್ತೀನಿ. ಆದ್ರೆ ನಿನ್ ಕೈಕೆಳಗೆ ಕೆಲಸ ಮಾಡೋದು ನನ್ನಿಂದ ಆಗಲ್ಲ."

ಈಗ ಬೇರೆ ವಾರ್ಡಿನವರು ನಮ್ಮನ್ನು ನೋಡಿ ಕಲಿಯಲು ಬರುತ್ತಾರೆ. ಎದೆಯುಬ್ಬಿಸಿಯೇ ತೋರಿಸುತ್ತೇವೆ.

ಅಕ್ಕ ವರ್ಗ ಮಾಡಿಸಿಕೊಂಡರು. ಅವರ ಹಿಂದೆ ಇನ್ನಿಬ್ಬರು ನರ್ಸುಗಳು. ಇದಕ್ಕಾಗಿ ನಮ್ಮ ವಾರ್ಡು ಕಳೆದುಕೊಂಡದ್ದು ಈ ಮೂವರನ್ನು.