ಬಿಚ್ಚದ ಮುಡಿಪು

ನನಗೂ ಒಂದು ಹುಟ್ಟು ಇದೆ. ದೊಡ್ಡ ಕಿಟಕಿಗಳಿದ್ದ ಕಾರ್ಖಾನೆಯೊಂದರಲ್ಲಿ, ಉದ್ದನೆಯ ಮೇಜಿನ ಮೇಲೆ, ಬಿಳಿ ನೈಲಾನ್ ಪಟ್ಟಿಗಳಾಗಿ ನಾನು ಮಲಗಿದ್ದೆ. ಹೆಂಗಸರು ತಲೆ ಬಗ್ಗಿಸಿ ಹೊಲಿಯುತ್ತಿದ್ದರು. ಒಬ್ಬಾಕೆ ನನ್ನ ಅಂಚನ್ನು ಬೆರಳಿನಿಂದ ಸವರಿ ಪಕ್ಕದವಳಿಗೆ, "ಯಾರ್ ಜೀವ ಹಿಡ್ಕೊಳ್ಳತ್ತೋ ಏನೋ, ಗಟ್ಟಿಯಾಗ್ ಹಾಕೇ ಹೊಲಿಗೇನಾ" ಅಂದಳು. ನಾನು ಕೇಳಿದ ಮೊದಲ ಮಾತು ಅದೇ. ಕಿವಿಯಲ್ಲಿ ಯಾರೋ ಉಪದೇಶ ಮಾಡಿದ ಹಾಗಿತ್ತು.

ನಾನು ಪ್ಯಾರಾಚೂಟು. ಆದರೆ ನೀವು ಚಿತ್ರಗಳಲ್ಲಿ ನೋಡಿರುವ ಬಣ್ಣಬಣ್ಣದ್ದು ನಾನಲ್ಲ. ವಿಮಾನದಿಂದ ಜಿಗಿಯುವವರ ಬೆನ್ನಚೀಲದಲ್ಲಿ ನಾವು ಇಬ್ಬರಿರುತ್ತೇವೆ. ಕೆಳಗಿನ ಅರೆಯಲ್ಲಿರುವವಳು ದಿನವೂ ಬಿಚ್ಚಿಕೊಳ್ಳುತ್ತಾಳೆ. ಅವಳನ್ನು ನಾನು ಅಕ್ಕ ಎನ್ನುತ್ತೇನೆ. ಮೇಲಿನ ಅರೆಯಲ್ಲಿರುವ ನಾನು ಮೀಸಲಿನವಳು. ಅಕ್ಕ ಕೈಕೊಟ್ಟರೆ ಮಾತ್ರ ನನ್ನ ಸರದಿ.

ಮೈಸೂರಿನಿಂದಾಚೆ, ಹುಲ್ಲು ಬೆಳೆದ ಹಳೆಯ ರನ್‌ವೇಯ ಪಕ್ಕದಲ್ಲಿ, ಜಿಗಿಯುವುದನ್ನು ಕಲಿಸುವ ಒಂದು ಪುಟ್ಟ ಶಾಲೆಗೆ ನಾನು ಬಂದೆ. ಅಲ್ಲಿ ನಮ್ಮನ್ನು ಮಡಿಸುವವರು ವೆಂಕಟಾಚಲಯ್ಯ. ವಾಯುಸೇನೆಯಲ್ಲಿ ಇದೇ ಕೆಲಸ ಮಾಡಿ ನಿವೃತ್ತರಾದವರು. ಸ್ನಾನ ಮಾಡಿ, ಹಣೆಗೆ ಗಂಧದ ಬೊಟ್ಟಿಟ್ಟುಕೊಂಡು, ಬಾಯಲ್ಲಿ ಒಂದು ಷಟ್ಪದಿ ಹೇಳಿಕೊಳ್ಳುತ್ತಲೇ ನನ್ನನ್ನು ಮಡಿಸುತ್ತಿದ್ದರು. ಪದ್ಯದ ಒಂದು ಸಾಲಿಗೆ ಒಂದು ಮಡಿಕೆ. ಸಾಲು ಮರೆತರೆ ಮಡಿಕೆಯನ್ನೂ ಬಿಚ್ಚಿ ಮೊದಲಿನಿಂದ ಶುರು ಮಾಡುವರು. ಕೊನೆಗೆ ಕೆಂಪು ದಾರ ಕಟ್ಟಿ, ಸೀಸದ ಪುಟ್ಟ ಮುದ್ರೆ ಒತ್ತಿ, ಎರಡು ಕೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವರು. ತಿಮ್ಮಪ್ಪನಿಗೆಂದು ಅರಿಸಿನದ ಬಟ್ಟೆಯಲ್ಲಿ ಕಟ್ಟಿ ದೇವರ ಮನೆಯಲ್ಲಿಡುವ ಮುಡಿಪು ಇದೆಯಲ್ಲ, ನನ್ನ ಬದುಕೂ ಹಾಗೇ. ಎಲ್ಲರೂ ಭಕ್ತಿಯಿಂದ ಮುಟ್ಟುವರು. ಬಿಚ್ಚುವವರು ಯಾರೂ ಇಲ್ಲ.

ಅಕ್ಕ ಪ್ರತಿ ಸಲ ಮೇಲಿಂದ ಇಳಿದಾಗ ಅವಳ ಮೈಗೆ ಬಿಸಿಲಿನ ವಾಸನೆ ಇರುತ್ತಿತ್ತು. ಮಡಿಕೆಗಳಲ್ಲಿ ಹುಲ್ಲಿನ ಕಡ್ಡಿ, ಒಮ್ಮೊಮ್ಮೆ ಒಂದು ಮಿಡತೆ. ನಾನೂ ಅವಳ ಜೊತೆಗೇ ಮೋಡದ ಮೇಲಕ್ಕೆ ಹೋಗುತ್ತಿದ್ದೆ, ಜೊತೆಗೇ ಇಳಿಯುತ್ತಿದ್ದೆ. ಆದರೆ ಗರ್ಭಗುಡಿಯ ಕತ್ತಲಲ್ಲಿರುವ ಮೂರ್ತಿ ಊರು ನೋಡಿದಷ್ಟೇ ನಾನು ಆಕಾಶ ನೋಡಿದ್ದು.

ಎಷ್ಟೋ ಬೆನ್ನುಗಳನ್ನು ಏರಿದ್ದೇನೆ. ಅವುಗಳಲ್ಲಿ ಮರೆಯಲಾಗದ್ದು ಗೌರಾಂಬಿಕೆಯ ಬೆನ್ನು.

ಆಕೆ ಪಾಂಡವಪುರದ ಕಡೆಯವಳು. ಮಂಡ್ಯದಲ್ಲಿ ಮಕ್ಕಳಿಗೆ ಈಜು ಕಲಿಸುವ ಟೀಚರು. ವಿಮಾನದಿಂದ ಜಿಗಿದು, ತನ್ನ ಕೈಯಾರೆ ತಾನೇ ಪ್ಯಾರಾಚೂಟು ಬಿಚ್ಚಿ ಇಳಿಯಬೇಕು ಅನ್ನುವುದೊಂದೇ ಅವಳ ಹಟ. ಆದರೆ ಬಾಗಿಲು ದಾಟಿದ ಕೂಡಲೇ ಅವಳ ಮೊಣಕಾಲು ಎದೆಗೆ ಬಂದುಬಿಡುತ್ತಿತ್ತು. ಮೈ ಉಂಡೆಯಾಗುತ್ತಿತ್ತು. ಉರುಳುವ ಉಂಡೆಗೆ ಮೇಲೆ ಯಾವುದು, ಕೆಳಗೆ ಯಾವುದು? ಪಕ್ಕದಲ್ಲೇ ಬೀಳುತ್ತಿದ್ದ ಗುರು ಪೊನ್ನಪ್ಪ ಅವಳನ್ನು ಹಿಡಿದು ನಿಲ್ಲಿಸಿ, ಅಕ್ಕನ ಹಿಡಿಕೆಯನ್ನು ತಾವೇ ಎಳೆಯಬೇಕಾಗುತ್ತಿತ್ತು. ಮೊದಲ ಸಲವೂ ಹೀಗೇ ಆಯಿತು, ಆಮೇಲೂ ಹೀಗೇ.

ಪೊನ್ನಪ್ಪ ಕೊಡಗಿನವರು, ಸೇನೆಯಲ್ಲಿದ್ದವರು. ಮೀಸೆಯಡಿಯಲ್ಲಿ ನಗುತ್ತಲೇ ಬೈಯುವರು.

"ಏನ್ ಮೇಡಂ, ಅಷ್ಟು ಎತ್ತರದಲ್ಲಿ ಬಾವಿ ಹುಡುಕ್ತಾ ಇದ್ರಾ?"

ಗೌರಾ ಹುಲ್ಲಿನ ಮೇಲೆ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. "ಊ ಸರ್. ಚಿಕ್ಕೋಳಿದ್ದಾಗ್ಲಿಂದ ಬಾವಿಗೇ ಹಾರಿರೋಳು ನಾನು. ಕಾಲು ತಾನಾಗೇ ಮಡುಚ್ಕೊಬುಡ್ತವೆ."

"ಅಲ್ಲ, ಬಾವಿಗೆ ಹಾರೋರು ಯಾಕೆ ಮಡಚ್ಕೋಬೇಕು?"

"ಬಿಟ್ರೆ ನೀರು ಹೊಟ್ಟೆಗೆ ಬಾರ್ಸ್ತದೆ ಸರ್. ಬರೆ ಹಾಕ್‌ದಂಗಾಯ್ತದೆ."

ಪೊನ್ನಪ್ಪ ಅವಳ ಎದುರಿಗೇ ಹುಲ್ಲಿನ ಮೇಲೆ ಕೂತರು. "ಅಲ್ಲಿಗೆ ನಿಮ್ದು ಭಯ ಅಲ್ಲ, ಬುದ್ಧಿ. ಆದ್ರೆ ಬಾವಿ ಬುದ್ಧಿ. ಮೇಲೆ ಇರೋದು ಗಾಳಿ. ಹೊಟ್ಟೆಗೆ ಹೊಡೀಲಿ ಬಿಡಿ, ಹೊಟ್ಟೇನೇ ಮುಂದೆ ಕೊಡಿ." ಆಮೇಲೆ ನಗು ನಿಲ್ಲಿಸಿ ಹೇಳಿದರು: "ಇನ್ನೊಂದ್ಸಲ ಹೀಗಾದ್ರೆ ನಾನು ಕರ್ಕೊಂಡು ಹೋಗೋದಿಲ್ಲ. ನನ್ನ ಬೈಕೊಂಡು ಊರಿಗೆ ಹೋಗಿ, ಪರವಾಗಿಲ್ಲ. ಬದುಕಿರಿ."

ಅಂದಿನಿಂದ ಗೌರಾ ಒಂದು ಸ್ಟೂಲಿನ ಮೇಲೆ ಹೊಟ್ಟೆಯೂರಿ ಮಲಗಿ, ಎದೆ ಎತ್ತಿ, ಕೈಕಾಲು ಚಾಚಿ ಅಭ್ಯಾಸ ಮಾಡಿದಳು. ಚಹಾ ತರುವವರು, ಪೈಲಟ್ಟು, ಹುಲ್ಲು ಕುಯ್ಯಲು ಬಂದ ಹೆಂಗಸರು ಎಲ್ಲರೂ ನೋಡಿ ನಕ್ಕರು. "ಏನವ್ವಾ, ಹಲ್ಲಿ ಆಗ್ಬುಟ್ಟೆ?" ಅಂದಳು ಒಬ್ಬಳು. "ಹಲ್ಲಿ ಬಿದ್ರೂ ಸಾಯಕ್ಕಿಲ್ಲ ಕನಕ್ಕಾ" ಅಂದಳು ಗೌರಾ, ಹಾಗೇ ಮಲಗಿಕೊಂಡು.

ಆ ವಾರ ನನ್ನನ್ನು ಹೊಸದಾಗಿ ಮಡಿಸುವ ಅವಧಿ ಬಂತು. ಆ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಮೀಸಲಿನವಳನ್ನು ಮಡಿಸುವ ಮೊದಲು, ಆಗ ಚೀಲ ಹೊತ್ತಿರುವ ಶಿಷ್ಯರೇ ಬಂದು, ಕೋಣೆಯೊಳಗೆ ನಿಂತು, ಒಮ್ಮೆ ನನ್ನ ಹಿಡಿಕೆಯನ್ನು ಎಳೆಯಬೇಕು. ಕೈಗೆ ಆ ಭಾರ ಗೊತ್ತಿರಲಿ ಎಂದು. ನನಗೆ ಅದೇ ಹಬ್ಬ.

"ಎಳೀಮ್ಮಾ" ಅಂದರು ವೆಂಕಟಾಚಲಯ್ಯ.

ಗೌರಾ ಎಳೆದಳು. ನನ್ನನ್ನು ಹೊರಗೆಳೆಯುವ ಪುಟ್ಟ ಕೊಡೆಯನ್ನು ಸ್ಪ್ರಿಂಗು ಚಿಮ್ಮಿಸಿತು. ಹಿಂದೆಯೇ ನಾನು ನೆಲಕ್ಕೆ ಸುರಿದೆ. ಮೇಲೆ ತಗಡಿನ ಸೂರು, ಒಂದು ಟ್ಯೂಬ್‌ಲೈಟು. ಅವಳು ಬಗ್ಗಿ ನನ್ನ ಬಿಳಿ ಮೈಯನ್ನು ಅಂಗೈಯಿಂದ ಸವರಿದಳು.

"ಇದುವರ್ಗೂ ಮೇಲೆ ಬಿಚ್ಚಿದ್ದದಾ ಸ್ವಾಮಿ ಇದು?"

"ಇಲ್ಲ ತಾಯಿ. ಬಿಚ್ಚದೇ ಇರ್ಲಿ ಅಂತ್ಲೇ ಇಷ್ಟು ಚೆನ್ನಾಗಿ ಮಡಿಸೋದು."

"ಪಾಪ" ಅಂದಳು ಗೌರಾ.

ನನಗಾಗಿ ಯಾರೂ ಆ ಮಾತು ಹೇಳಿರಲಿಲ್ಲ. ಮಡಿಸಿಕೊಳ್ಳುತ್ತಿದ್ದಾಗ ಒಂದು ವಿಷಯ ತಿಳಿಯಿತು. ನನ್ನ ಆಸೆ ತೀರಬೇಕಾದರೆ ಯಾರಿಗೋ ಪ್ರಾಣಭಯ ಆಗಬೇಕು. ದೇವರೇ, ಇಂಥ ಆಸೆಯನ್ನು ಕೊಟ್ಟು ಯಾಕೆ ಹೊಲಿಸಿದೆ ಎಂದು ಕೇಳಿದೆ. ವೆಂಕಟಾಚಲಯ್ಯನವರ ಷಟ್ಪದಿ ಮಾತ್ರ ನಡೆದಿತ್ತು.

ಕೊನೆಯ ಅವಕಾಶದ ದಿನ ಬೆಳಗ್ಗೆ ಗಾಳಿ ತಿಳಿಯಾಗಿತ್ತು. ವಿಮಾನದ ಬಾಗಿಲು ತೆರೆದಾಗ ಅವಳು ಚೌಕಟ್ಟನ್ನು ಎರಡು ಕೈಯಿಂದಲೂ ಹಿಡಿದು ನಿಂತಳು. ಪೊನ್ನಪ್ಪ ಅವಳ ಕಿವಿಯ ಹತ್ತಿರ ಕೂಗಿದರು: "ಬಾವಿ ಮುಚ್ಚಿಸ್ಬಿಟ್ಟಿದೀವಿ ಮೇಡಂ! ಹೊರಡಿ!"

ಅವಳು ಜಿಗಿದಳು. ಮೊಣಕಾಲು ಒಮ್ಮೆ ಮೇಲಕ್ಕೆ ಬಂತು. ಬಂದದ್ದು ಅಲ್ಲೇ ನಿಂತಿತು, ಹಿಂದಕ್ಕೆ ಹೋಯಿತು. ಬೆನ್ನು ಬಿಲ್ಲಿನಂತೆ ಬಾಗಿತು. ಗಾಳಿ ಅವಳ ಹೊಟ್ಟೆಗೆ ಹೊಡೆಯುತ್ತಲೇ ಇತ್ತು, ಅವಳು ಕೊಡುತ್ತಲೇ ಇದ್ದಳು. ಜೊತೆಗೇ ಜಿಗಿದು ಅವಳ ತೋಳು ಹಿಡಿದಿದ್ದ ಪೊನ್ನಪ್ಪ ಕೈ ಬಿಟ್ಟರು. ಗೌರಾ ಉರುಳಲಿಲ್ಲ. ಮಣಿಕಟ್ಟಿನ ಮೀಟರಿನಲ್ಲಿ ಎತ್ತರ ನೋಡಿದಳು. ಸಮಯಕ್ಕೆ ಸರಿಯಾಗಿ ತನ್ನ ಕೈಯಿಂದಲೇ ಅಕ್ಕನ ಹಿಡಿಕೆ ಎಳೆದಳು.

ಅಕ್ಕ ಸರಸರನೆ ಹೊರಟಳು. ಆದರೆ ಎಂದಿನ ಜಗ್ಗು ಬೇರೆ, ಅಂದಿನದು ಬೇರೆ. ಅಕ್ಕ ಅರಳಿದ್ದಳು, ಅವಳ ಹಗ್ಗಗಳು ಮಾತ್ರ ಜಡೆಯಂತೆ ಹೆಣೆದುಕೊಂಡಿದ್ದವು. ಗೌರಾ ಅವುಗಳ ಕೆಳಗೆ ಬುಗುರಿಯಂತೆ ತಿರುಗಿದಳು. ಅವಳ ಕೈ ಎದೆಯ ಎಡಕ್ಕೆ ಬಂತು. ನನ್ನ ಹಿಡಿಕೆಯ ಮೇಲೆ ಕೂತಿತು.

ಆಗ ನನ್ನ ಮಡಿಕೆ ಮಡಿಕೆಯೂ ಎಚ್ಚರವಾಯಿತು. ಕೆಂಪು ದಾರ ಬಿಗಿಯಿತು. ಇನ್ನೊಂದು ಎಳೆತ, ಅಷ್ಟೇ. ಹುಟ್ಟಿದಾಗಿನಿಂದ ನಾನು ಕಾದಿದ್ದ ನೀಲಿ ಒಂದು ಬಟ್ಟೆಯ ಆಚೆಗಿತ್ತು.

ಅವಳು ತಲೆ ಎತ್ತಿ ಅಕ್ಕನನ್ನು ನೋಡಿದಳು. ಅಕ್ಕ ಚೌಕವಾಗಿ ತುಂಬಿ, ನೆಟ್ಟಗೆ ಹಾರುತ್ತಿದ್ದಳು. ಮೀಟರು ನೋಡಿದಳು. ಎತ್ತರ ಇನ್ನೂ ಉಳಿದಿತ್ತು. ಆಮೇಲೆ, ನನಗೇ, ನನ್ನ ಹಿಡಿಕೆಯನ್ನು ಬೆರಳಿನಿಂದ ಒತ್ತುತ್ತ ಹೇಳಿದಳು: "ಇರವ್ವಾ. ಒಸಿ ಇರು. ನಾನು ನೋಡ್ತೀನಿ."

ಕೈ ಮೇಲೆದ್ದಿತು. ಭುಜದ ಮೇಲೆ ಅಕ್ಕನ ಹಗ್ಗಗಳು ಬಂದು ಸೇರುವ ಎರಡು ಪಟ್ಟಿಗಳನ್ನು ಹಿಡಿದು ಅಗಲಿಸಿ, ಕಾಲನ್ನು ಈಜುವವರಂತೆ ಬೀಸಿ ಒದ್ದಳು. ಜಡೆ ಒಂದು ಸುತ್ತು ಬಿಚ್ಚಿತು. ಮತ್ತೆ ಒದ್ದಳು. ಕೊನೆಗೆ ಹಗ್ಗಗಳೆಲ್ಲ ನೇರವಾದವು. ಗಾಳಿ ಮೆತ್ತಗಾಯಿತು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ, ಬೆನ್ನಿಗೆ ಎರಡೂ ಒಂದೇ ಥರ ತಿಳಿಯುತ್ತದೆ.

ಇಳಿದ ಮೇಲೆ ಪೊನ್ನಪ್ಪ ಓಡಿ ಬಂದರು. "ಮೀಸಲು ಎಳೀತೀರಿ ಅಂದ್ಕೊಂಡೆ!"

"ಅಷ್ಟರವರ್ಗೂ ಬೇಡ ಅನ್ನುಸ್ತು ಸರ್. ಅವಳು ಇದ್ದಳಲ್ಲ ಹಿಂದೆ, ಅದುಕ್ಕೇ ಕೈ ನಡುಗ್ಲಿಲ್ಲ."

"ಪಾಸ್ ಆದ್ರಿ" ಅಂದರು ಪೊನ್ನಪ್ಪ.

ಆಮೇಲೆ ಎಷ್ಟೋ ಬೆನ್ನುಗಳು ಬಂದವು, ಹೋದವು. ಅಕ್ಕಂದಿರು ಹರಿದು, ಮಾಸಿ, ಬದಲಾದರು. ನಾನು ಹೊಸದರಂತೆಯೇ ಇದ್ದೆ; ವಯಸ್ಸು ಮಾತ್ರ ಆಯಿತು. ಒಂದು ದಿನ ವೆಂಕಟಾಚಲಯ್ಯ ನನ್ನ ಅಂಚಿನಲ್ಲಿ ಅಚ್ಚಾಗಿದ್ದ, ನನ್ನ ಅವಧಿ ಮುಗಿಯುವ ತಾರೀಖನ್ನು ಕನ್ನಡಕ ಏರಿಸಿ ಓದಿದರು. ಮುದ್ರೆ ಒತ್ತಲಿಲ್ಲ. "ಸಾಕು ತಾಯಿ, ನಿನ್ನ ಸೇವೆ ಆಯ್ತು" ಅಂದು ಮೂಲೆಯ ಬೀರುವಿನಲ್ಲಿ ಇಟ್ಟರು.

ಈಗ ಆ ಬೀರುವೇ ನನ್ನ ಮನೆ. ನನ್ನನ್ನು ಹೊತ್ತು ಹೋದವರೆಲ್ಲ ತಮ್ಮ ಕಾಲ ಮೇಲೆ ನಡೆದು ಬಂದು ಮಧ್ಯಾಹ್ನದ ಊಟಕ್ಕೆ ಕೂತರು. ನಾನು ಬಿಚ್ಚದ ಒಂದೊಂದು ದಿನಕ್ಕೂ ಒಬ್ಬೊಬ್ಬರ ಆ ಊಟ ಇದೆ. ಅದನ್ನು ನೆನೆದರೆ ನನ್ನ ಜನ್ಮ ಸಾರ್ಥಕ ಎನ್ನಬೇಕು, ಎನ್ನುತ್ತೇನೆ. ಅಷ್ಟರಲ್ಲಿ ವಿಮಾನ ರನ್‌ವೇ ಬಿಟ್ಟು ಮೇಲೇಳುವ ಸದ್ದು ಕೇಳುತ್ತದೆ. ಆಗ ನನ್ನ ಮಡಿಕೆಗಳಲ್ಲಿ ಏನೋ ಅಲುಗುತ್ತದೆ. ಗಾಳಿಯಲ್ಲ. ಬೀರುವಿನ ಬಾಗಿಲು ಮುಚ್ಚಿಯೇ ಇದೆ.