ಜೇಬೆಜ್‌ನ ಪಿಸ್ತೂಲಿನ ಹಿಡಿ

ನಮ್ಮ ಬರ್ಮಿಂಗ್‌ಹ್ಯಾಮಿನಲ್ಲಿ ಒಂದು ಪಿಸ್ತೂಲು ಹತ್ತು ಮನೆ ಸುತ್ತಿದ ಮೇಲೇ ಪಿಸ್ತೂಲಾಗುವುದು. ಒಬ್ಬ ನಳಿಗೆ ಬಡಿಯುತ್ತಾನೆ, ಇನ್ನೊಬ್ಬ ಚಕಮಕಿ ಕಲ್ಲು ಕಚ್ಚುವ ಕೀಲನ್ನು ಅರದಿಂದ ಉಜ್ಜುತ್ತಾನೆ. ಅಕ್ರೋಟು ಮರದ ಹಿಡಿ ಕೆತ್ತುವವನು ನನ್ನ ಗಂಡ ಈನಾಕ್.

ಟಪಾಲು ಬಂಡಿಯ ಕಾವಲುಗಾರ ಜೇಬೆಜ್ ಹಿಡಿ ಮಾಡಿಸಲು ಬಂದವನು ಬಲಗೈಯ ಗವಸು ತೆಗೆಯಲು ಒಪ್ಪಲೇ ಇಲ್ಲ.

"ಕೈ ನೋಡ್ದೆ ಹಿಡಿ ಹೆಂಗಪ್ಪಾ ಮಾಡ್ಲಿ?" ಎಂದ ಈನಾಕ್, ನಾನು ರಾತ್ರಿಯೂಟದ ಮಾಂಸದ ಪೈಗೆಂದು ನಾದಿಟ್ಟಿದ್ದ ಗಟ್ಟಿ ಹಿಟ್ಟನ್ನು ಎತ್ತಿ ಅವನಿಗೆ ಕೊಟ್ಟ. "ಒಳಗ್ಹೋಗಿ ಬಾಗ್ಲು ಹಾಕ್ಕೊಂಡು ಇದನ್ನ ಒತ್ತಿ ಹಿಡ್ಕೊಂಡು ಬಾ."

"ಇವತ್ತು ಊಟಕ್ಕೆ ಮರದ ಹೊಟ್ಟನ್ನೇ ಬಡಿಸ್ತೀನಿ ಇರು" ಎಂದು ನಾನು ರೇಗಿದೆ.

ಹಿಟ್ಟಿನಲ್ಲಿ ಮೂಡಿದ್ದು ಹೆಬ್ಬೆರಳು ಮತ್ತು ಇನ್ನೆರಡು ಬೆರಳು, ಅಷ್ಟೇ. ನಾನು ಬೇರೆ ಹಿಟ್ಟು ನಾದಲು ಕೂತೆ. ಈನಾಕ್ ಆ ಅಚ್ಚನ್ನು ಎದುರಿಗಿಟ್ಟುಕೊಂಡು, ಇಲ್ಲದ ಬೆರಳುಗಳ ಜಾಗದಲ್ಲಿ ಮರವನ್ನು ಉಬ್ಬಾಗಿ ಬಿಟ್ಟು ಕೆತ್ತಿದ.

ಪಿಸ್ತೂಲು ಒಯ್ಯಲು ಬಂದ ಜೇಬೆಜ್‌ಗೆ ಗವಸು ಹಾಕಿಕೊಂಡು ಹಿಡಿಯಲಾಗಲಿಲ್ಲ. ಅದರ ಖಾಲಿ ಬೆರಳುಗಳಿಗೆ ತುಂಬಿದ್ದ ಉಣ್ಣೆ ಅಡ್ಡ ಬಂತು. ನಮ್ಮಿಬ್ಬರ ಮುಖ ನೋಡಿ ಮೆಲ್ಲಗೆ ಗವಸು ಕಳಚಿದ. ಹಿಡಿ ಅವನ ಅಂಗೈಗೆ ಹೋಗಿ ಕೂತಿತು.

"ಯುದ್ಧದಿಂದ ಬಂದ್ಮೇಲೆ ಈ ಕೈಗೆ ಸರಿಯಾಗಿ ಒಪ್ಪಿದ್ದು ಇದೊಂದೇ ಕಣಣ್ಣ" ಎಂದ. ಆಮೇಲೆ ಆ ಕೈಯನ್ನೇ ನನ್ನತ್ತ ಚಾಚಿದ. "ನಿಮ್ಮ ಹಿಟ್ಟು ಹಾಳು ಮಾಡ್ದೆ ಅಕ್ಕ."

ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಅವನು ಹೋದ ಮೇಲೆ ನೋಡಿದರೆ ಗವಸು ಮೇಜಿನ ಮೇಲೇ ಇತ್ತು. ಬಾಗಿಲಿಗೆ ಓಡಿ ಕೂಗಿದೆ. ಜೇಬೆಜ್ ತಿರುಗಿದ, ಬೀದಿಯವರೆಲ್ಲ ನೋಡುವಂತೆ ಬರಿಗೈ ಎತ್ತಿ ಬೀಸಿದ, ಹೊರಟೇ ಹೋದ.